ತಳ್ಳಿದವರಿಗೊಂದು ಪ್ರಶ್ನೆ

ನಮ್ಮ ಕಾರು ಸರಿಹೋಗಿಬಿಟ್ಟರೆ ಏನು ಗತಿ? ಆ ದಿನಗಳಲ್ಲಿ ನನ್ನನ್ನು ಕಾಡುತ್ತಿದ್ದ ಚಿಂತೆ ಇದೊಂದೇ. ಇಂಥ ಚಿಂತೆಯನ್ನು ಯಾರ ಮುಂದೆ ಹೇಳಿಕೊಳ್ಳುವುದು? ಹಳೇ ಕಾರು ಇಟ್ಟುಕೊಂಡವರೆಲ್ಲ ಅದು ಕೆಡದಿರಲಿ ಎಂದು ದೇವರಿಗೆ ಕಾಯಿ ಒಡೆಸುತ್ತಾರೆ. ನಾನು ಮಾತ್ರ ಬೆಳಿಗ್ಗೆ ಎದ್ದು ಅಂಗೈ ನೋಡಿಕೊಂಡು, ಇವತ್ತಾದರೂ ಒಂದು ಸಲ ಕೆಟ್ಟು ನಿಲ್ಲಲಪ್ಪಾ ಎಂದು ಬೇಡಿಕೊಳ್ಳುತ್ತಿದ್ದೆ. ಡೈರಿಯಲ್ಲಿ ಕೂಡ ಇದನ್ನು ಬಿಡಿಸಿ ಬರೆಯಲು ನಾಚಿಕೆ. ‘ಇಂದು ಕಾರು ಕೆಡಲಿಲ್ಲ’ ಎಂದಷ್ಟೇ ಬರೆದು, ಪಕ್ಕದಲ್ಲಿ ಒಂದು ಸೊಟ್ಟ ಮುಖ ಬಿಡಿಸಿ ಮುಚ್ಚಿಡುತ್ತಿದ್ದೆ.

ನಾನು ನೀಲಾಂಬಿಕೆ, ಪಾತ್ರೆ ಅಂಗಡಿ ಮರುಳಪ್ಪನವರ ಮಗಳು. ಬಿ.ಎ. ಮುಗಿಸಿ ಮನೆಯಲ್ಲಿದ್ದೆ. ಕಾಲೇಜಿನಲ್ಲಿ ಹಾಜರಿ ಕೂಗುವಾಗ ನಾನು ಗಂಟಲು ಸರಿಮಾಡಿಕೊಂಡು ‘ಎಸ್ ಸಾರ್’ ಅನ್ನುವಷ್ಟರಲ್ಲಿ ಮುಂದಿನ ಹೆಸರು ಕೂಗಿ ಆಗಿರುತ್ತಿತ್ತು. ಹೀಗೆ ಹಾಜರಿದ್ದೂ ಗೈರುಹಾಜರಾಗಿ ಡಿಗ್ರಿ ಪಡೆದವಳು ನಾನು. ಮನೆಗೆ ನೆಂಟರು ಬಂದರೆ ನೀರಿನ ಲೋಟ ಕೈಗಿತ್ತು ಅಡುಗೆಮನೆಗೆ ಓಡುತ್ತಿದ್ದೆ. ಅಮ್ಮ ಇದಕ್ಕೆ ಮೊದ್ದುತನ ಅನ್ನುತ್ತಿದ್ದಳು, ಅಪ್ಪಾಜಿ ಸಂಸ್ಕಾರ ಅನ್ನುತ್ತಿದ್ದರು. ನಿಜ ಹೇಳಬೇಕೆಂದರೆ ಎರಡೂ ಅಲ್ಲ. ನೆಂಟರಿಗೆ ಹೇಳಬೇಕಾದ ಮಾತು ನನಗೆ ಹೊಳೆಯುವುದು ಅವರು ಚಪ್ಪಲಿ ಮೆಟ್ಟಿ ಗೇಟು ದಾಟಿದ ಮೇಲೆ.

ನಮ್ಮೂರಿನಲ್ಲಿ ಕೆಟ್ಟು ನಿಂತ ಗಾಡಿ ಬರೀ ತಳ್ಳಿದರೆ ಹೊರಡುವುದಿಲ್ಲ. ತಳ್ಳಿದವರಲ್ಲಿ ಒಬ್ಬರು ಕಿಟಕಿಯ ಬಳಿ ಬಂದು, ಸ್ಟೇರಿಂಗ್ ಹಿಡಿದು ಕೂತವರನ್ನು ಒಂದು ಪ್ರಶ್ನೆ ಕೇಳಬೇಕು. ಕೂತವರು ನಿಜ ಹೇಳಬೇಕು. ನಿಜವಾದರೆ ಗಾಡಿ ಹೊರಡುತ್ತದೆ, ಸುಳ್ಳಾದರೆ ಒಂದು ಸಲ ಕೆಮ್ಮಿ ಸುಮ್ಮನಾಗುತ್ತದೆ. ಪ್ರಶ್ನೆ ಸ್ಟೇರಿಂಗ್ ಹಿಡಿದವರ ಬಗ್ಗೆಯೇ ಇರಬೇಕು, ಪಕ್ಕದಲ್ಲಿ ಕೂತವರ ಬಗ್ಗೆ ಕೇಳುವ ಹಾಗಿಲ್ಲ. ಊರಾಚೆ ಸುಣ್ಣ ಬಳಿದ ಒಂದು ಗಡಿಕಲ್ಲಿದೆ. ಅಲ್ಲಿಗೆ ಇದೆಲ್ಲ ಮುಗಿಯಿತು. ಕಲ್ಲಿನಾಚೆ ಕೆಟ್ಟ ಕಾರು ಬರೀ ಕೆಟ್ಟ ಕಾರು.

ಹೀಗಾಗಿ ನಮ್ಮಲ್ಲಿ ಯಾರಾದರೂ ಹೊಸ ಕಾರು ಕೊಂಡರೆ ಜನ ಸಂತೋಷಪಡುವುದಿಲ್ಲ, ಅನುಮಾನಪಡುತ್ತಾರೆ. “ಹೊಸಾದೇ ತಗೊಂಡ್ರಂತಾ? ಅಂಥಾದ್ದೇನಪ್ಪ ಮುಚ್ಚಿಡೋದು?” ಎಂದು ಹುಬ್ಬು ಹಾರಿಸುತ್ತಾರೆ. ಚುನಾವಣೆಗೆ ನಿಂತವರು ಎತ್ತಿನಗಾಡಿಯಲ್ಲೇ ಪ್ರಚಾರ ಮಾಡುತ್ತಾರೆ, ಎತ್ತುಗಳಿಗೆ ಈ ಚಟವಿಲ್ಲ. ಗಂಡ ಹೆಂಡತಿ ಕಾರಿನಲ್ಲಿ ಯಾರದಾದರೂ ಮದುವೆಗೆ ಹೊರಟರೆ, ‘ನೀನೇ ಓಡಿಸು’ ‘ಇಲ್ಲ, ನೀವೇ ಓಡಿಸಿ’ ಎಂಬ ಉಪಚಾರ ಮುಗಿಯುವ ಹೊತ್ತಿಗೆ ಅಲ್ಲಿ ಮುಹೂರ್ತ ಮುಗಿದಿರುತ್ತದೆ. ಎಲ್ಲರಿಗಿಂತ ಪಾಪದವನು ಟೌನ್ ಬಸ್ಸಿನ ಡ್ರೈವರು. ದಿನಾ ಕೆಡುವ ಬಸ್ಸು, ದಿನಾ ಒಂದು ಪ್ರಶ್ನೆ. ಅವನ ಗುಟ್ಟುಗಳೆಲ್ಲ ಖಾಲಿಯಾಗಿ, ಕೇಳಲು ಏನೂ ತೋಚದೆ, ಒಂದು ದಿನ ಬಸ್ಸು ಸಂತೆ ಮೈದಾನದ ಮುಂದೆ ಮಧ್ಯಾಹ್ನದವರೆಗೆ ನಿಂತೇ ಇತ್ತು. ಕಡೆಗೆ ಸೌತೆಕಾಯಿ ಬುಟ್ಟಿಯ ಮುದುಕಿಯೊಬ್ಬಳು ಇಳಿದು ಬಂದು, “ನಿಂಗೆ ಸುಸ್ತಾಗಾಕಿಲ್ವೇನ್ಲಾ ಮಗ?” ಅಂದಳಂತೆ. “ಆಗ್ತದೆ ಕಣಜ್ಜಿ” ಅಂದನಂತೆ ಅವನು. ಬಸ್ಸು ಹೊರಟಿತು.

ಇಂಥ ಊರಿನಲ್ಲಿ ಅಪ್ಪಾಜಿ ಒಂದು ಹಳೇ ಕಾರು ಕೊಂಡು ತಂದರು. ಮದುವೆ ಮುಂಜಿಗೆ ಬಾಡಿಗೆಗೆ ಹೋಗುವ ಕೊಳಗ, ಹಂಡೆ, ಜಾಲರಿಗಳನ್ನು ಸಾಗಿಸಲು ಬೇಕಾಗಿತ್ತು ಎಂಬುದು ಅವರ ವಾದ. ಮಾರಿದವರು ಒಬ್ಬ ಹೋಮಿಯೋಪತಿ ಡಾಕ್ಟರು. ಅವರು ಯಾಕೆ ಮಾರಿದರು ಎನ್ನುವುದು ಊರಿಗೆಲ್ಲ ಗೊತ್ತು. ನಡುಬೀದಿಯಲ್ಲಿ ಕೆಟ್ಟು ನಿಂತಾಗ ಯಾರೋ, “ಡಾಕ್ಟ್ರೇ, ನಿಮಗೆ ನೆಗಡಿಯಾದ್ರೆ ಯಾವ ಗುಳಿಗೆ ತಗೋತೀರಾ?” ಎಂದು ಕೇಳಿದ್ದರು. “ಗುಳಿಗೆ ಎಲ್ಲಿ ಬಂತು, ಕಷಾಯ ಕುಡಿದು ಮಲಗ್ತೀನಿ” ಅಂದಮೇಲೇ ಕಾರು ಹೊರಟದ್ದು.

ಕಾರಿನ ಬಣ್ಣ ಕಿಲುಬು ಹಿಡಿದ ತಾಮ್ರದ್ದು. ಎಡಕ್ಕೆ ತಿರುಗಿಸಿದರೆ ತಾನಾಗಿ ಹಾರ್ನ್ ಆಗುತ್ತಿತ್ತು. ಬಲಗಡೆಯ ಹಿಂಬಾಗಿಲು ಒಳಗಿನಿಂದ ಮೊಣಕಾಲಿನಲ್ಲಿ ಗುದ್ದಿದರೆ ಮಾತ್ರ ತೆರೆಯುತ್ತಿತ್ತು. ತೆರೆಯದಿರಲಿ ಎಂದುಕೊಂಡಾಗಲೂ ಕೆಲವು ಸಲ ತೆರೆಯುತ್ತಿತ್ತು. ಯಾವುದನ್ನಾದರೂ ಉಜ್ಜಿದರೆ ಫಳಫಳ ಹೊಳೆಯುತ್ತದೆ ಎಂದು ನಂಬಿ ಬದುಕಿದವರು ಅಪ್ಪಾಜಿ. ತಂದ ಮೊದಲ ಭಾನುವಾರವೇ ಬಾನೆಟ್ಟಿಗೆ ಹುಣಸೆಹಣ್ಣು, ಉಪ್ಪು ಹಾಕಿ ತೋಳು ಸೋಲುವಷ್ಟು ಉಜ್ಜಿದರು. ದೊಡ್ಡ ತಾಟಿನಗಲ ಬಣ್ಣ ಎದ್ದುಬಂತು. “ಈಗ ನೋಡು, ದೃಷ್ಟಿಬೊಟ್ಟಾಯ್ತು” ಅಂದರು. ಅಮ್ಮ ಆ ಕಾರಿಗೆ ಮೂದೇವಿ ಎಂದು ಹೆಸರಿಟ್ಟು, ಅದರಲ್ಲಿ ಒಂದು ದಿನವೂ ಕೂರಲಿಲ್ಲ. ಯಾಕೆ ಎಂದು ನಾವೂ ಕೇಳಲಿಲ್ಲ.

ಮೊದಲ ಸಲ ಅದು ಕೆಟ್ಟು ನಿಂತಾಗ ಸ್ಟೇರಿಂಗ್ ಹಿಡಿದಿದ್ದವರು ಅಪ್ಪಾಜಿಯೇ. ಜಾಗ ಅರಳಿಕಟ್ಟೆಯ ತಿರುವು. ತಳ್ಳಿದವನು ಇಸ್ತ್ರಿ ತಿಪ್ಪೇಸ್ವಾಮಿ. ಅಲ್ಲೇ ತಳ್ಳುಗಾಡಿಯಲ್ಲಿ ಬಟ್ಟೆ ಇಸ್ತ್ರಿ ಮಾಡುವವನು, ಕೆಂಡದಷ್ಟೇ ಬಿಸಿ ಬಾಯಿ. ಅವನು ಕೈ ಒರೆಸಿಕೊಂಡು ಕಿಟಕಿಗೆ ಬಗ್ಗಿದ. “ಯಜಮಾನ್ರೇ, ನಮ್ ತಂಗಿ ಮದ್ವೆಗೆ ಅಂತ ನಿಮ್ ಅಂಗಡೀಲಿ ಕೊಳಗ ತಗೊಂಡಿದ್ನಲ್ಲ. ಅದು ನೀವು ಕೊಟ್ಟಾಗ ಹೊಸದಾ?”

“ಹೊಸದೇ ಕಣಯ್ಯ, ಇದೇನ್ ಹೀಗೆ ಕೇಳ್ತೀಯ” ಅಂದರು ಅಪ್ಪಾಜಿ. ಕಾರು ಕೆಮ್ಮಿತು. “ಹೊಸದರ ಹಾಗೇ ಇತ್ತು” ಅಂದರು. ಕಾರು ಮತ್ತೆ ಕೆಮ್ಮಿತು. ಜನ ಸೇರತೊಡಗಿದರು. “ಒಂದೇ ಒಂದು ಮದುವೆಗೆ ಬಾಡಿಗೆ ಹೋಗಿತ್ತಪ್ಪ” ಅಂದರು. ಈ ಸಲ ಕಾರು ಕೆಮ್ಮಲೂ ಇಲ್ಲ. ಅಪ್ಪಾಜಿ ಟವೆಲ್ಲಿನಿಂದ ಕತ್ತು ಒರೆಸಿಕೊಂಡು, ನನ್ನ ಕಡೆ ನೋಡಿ, ಆಕಾಶದ ಕಡೆ ನೋಡಿ, ಒಂದೇ ಉಸಿರಿಗೆ “ಮೂರು ಮದುವೆ ಒಂದು ತಿಥಿ” ಅಂದುಬಿಟ್ಟರು. ಕಾರು ಗುರ್ ಎಂದು ಹಾರ್ನ್ ಬಾರಿಸುತ್ತಾ ಎಡಕ್ಕೆ ತಿರುಗಿ ಹೊರಟೇಬಿಟ್ಟಿತು. “ತಿಥಿ ಕೊಳಗದಾಗೆ ನನ್ ತಂಗಿ ಪಾಯಸವಾ!” ಎಂಬ ತಿಪ್ಪೇಸ್ವಾಮಿಯ ಕೂಗು ಪೋಸ್ಟಾಫೀಸಿನವರೆಗೆ ನಮ್ಮನ್ನು ಅಟ್ಟಿಸಿಕೊಂಡು ಬಂತು. ಮಾರನೇ ದಿನ ಅಪ್ಪಾಜಿ ಅವನ ಮನೆಗೆ ಹೊಸ ಕೊಳಗ ಹೊತ್ತು ಹೋಗಿ ಕೊಟ್ಟು ಬಂದರು. ನಡೆದುಕೊಂಡೇ ಹೋದರು.

ಅದೇ ವಾರ ನನ್ನನ್ನು ಕರೆದು, “ನೀಲವ್ವ, ಡ್ರೈವಿಂಗ್ ಕಲ್ತ್ಕೋ” ಅಂದರು. ಡಿಗ್ರಿ ಮಾಡಿದ ಹುಡುಗಿ ಕಾರು ಓಡಿಸಬೇಕು, ಕಾಲ ಬದಲಾಗಿದೆ, ಇತ್ಯಾದಿ. ನಾನು ನಂಬಿದೆ. ಕಲಿತ ಮೇಲೆ ನಿಧಾನವಾಗಿ ವಿಷಯ ಹೊರಬಿತ್ತು. “ತಳ್ಳೋಕೆ ನಾನು ಗಟ್ಟಿಯಾಗಿದ್ದೀನಿ. ನೀನು ಸ್ಟೇರಿಂಗ್ ಹಿಡ್ಕೊಂಡು ಕೂತಿರು. ನಿನ್ನ ಹತ್ರ ಏನಿರ್ತದವ್ವ ಗುಟ್ಟು?” ಎಂದರು. ಅವಮಾನವೆನ್ನಿಸಬೇಕಿತ್ತು. ಆದರೆ ಯೋಚಿಸಿ ನೋಡಿದರೆ ನಿಜವಾಗಿಯೂ ಏನೂ ಇರಲಿಲ್ಲ.

ಹಾಗೆ ನಾನು ಓಡಿಸುತ್ತಿದ್ದೆ, ಕಾರು ನಿಲ್ಲುತ್ತಿತ್ತು. ಅಪ್ಪಾಜಿ ಇಳಿದು ಪಂಚೆ ಎತ್ತಿಕಟ್ಟಿ ಹಿಂದಿನಿಂದ ತಳ್ಳುತ್ತಿದ್ದರು, ಬೀದಿಯಲ್ಲಿದ್ದ ಇನ್ನಿಬ್ಬರು ಕೈಜೋಡಿಸುತ್ತಿದ್ದರು. ಮೊದಮೊದಲು ಕೇಳುತ್ತಿದ್ದುದು ಎಲ್ಲರೂ ಕೇಳುವ ಪ್ರಶ್ನೆಗಳನ್ನೇ. “ಮದ್ವೆ ಯಾವಾಗ?” “ಗೊತ್ತಿಲ್ಲ.” ಕಾರು ಹೊರಡುತ್ತಿತ್ತು. “ಯಾರನ್ನಾದ್ರೂ ಮೆಚ್ಚಿದೀಯಾ?” “ಇಲ್ಲ.” ಹೊರಡುತ್ತಿತ್ತು. “ಬೆಳಿಗ್ಗೆ ಏನ್ ತಿಂದೆ?” “ಉಪ್ಪಿಟ್ಟು.” ಹೊರಡುತ್ತಿತ್ತು. ಒಂದೊಂದು ಮಾತಿನ ಉತ್ತರ ಹೇಳುವಾಗಲೂ ಅಂಗೈ ಬೆವತು ಸ್ಟೇರಿಂಗ್ ಜಾರುತ್ತಿತ್ತು. ತಿಪ್ಪೇಸ್ವಾಮಿ ಬೇಜಾರಾಗಿ, “ಈ ಹುಡ್ಗೀ ಹತ್ರ ಕೇಳೋದೂ ಒಂದೇ, ಲೈಟ್ ಕಂಬಾನ ಕೇಳೋದೂ ಒಂದೇ” ಅಂದ. ನಾನು ಆ ರಾತ್ರಿ ಡೈರಿಯಲ್ಲಿ ಲೈಟ್ ಕಂಬದ ಪರವಾಗಿ ಒಂದು ಪುಟ ಬರೆದೆ.

ಬದಲಾದದ್ದು ಹೂವಿನ ಪುಟ್ಟತಾಯಮ್ಮನಿಂದ. ಅರಳಿಕಟ್ಟೆಯ ಮೇಲೆ ಹೂ ಕಟ್ಟುತ್ತಾ ಕೂರುವ ಹೆಂಗಸು, ಕಟ್ಟುತ್ತಾ ಹಾಡುತ್ತಾಳೆ. ದೊಡ್ಡ ದನಿ. ಆಕೆಯ ಹಾಡನ್ನು ಊರಿನಲ್ಲಿ ಯಾರೂ ಹೊಗಳಿದ್ದೂ ಇಲ್ಲ, ಬೈದದ್ದೂ ಇಲ್ಲ, ಹೂವು ಮಾತ್ರ ಬೇಗ ಬೇಗ ಕೊಂಡು ಹೋಗುತ್ತಾರೆ. ಅವತ್ತು ಆಕೆ ಒಂದು ಕೈಯಲ್ಲಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಕಾರು ತಳ್ಳಿದಳು. ಕಿಟಕಿಯ ಹತ್ತಿರ ಬಂದವಳೇ, “ಅಲ್ಲ ಕಣವ್ವ, ನಾನ್ ಹಾಡೋದ್ನ ದಿನಾ ಕೇಳ್ಕಂಡ್ ಓಗ್ತೀಯಲ್ಲ, ನಿಂಗೆ ಏನನ್ನಿಸ್ತದೆ?” ಅಂದಳು.

“ಚೆನ್ನಾಗಿದೆ” ಅಂದೆ. ಕಾರು ಕೆಮ್ಮಿತು. ಪುಟ್ಟತಾಯಮ್ಮನ ಮುಖ ಸಣ್ಣಗಾಯಿತು. “ಪರವಾಗಿಲ್ಲ” ಅಂದೆ. ಇನ್ನೂ ಜೋರಾಗಿ ಕೆಮ್ಮಿತು. ಹಿಂದಿನಿಂದ ಅಪ್ಪಾಜಿ, “ಬೇಗ ಹೇಳವ್ವ, ಹಂಡೆ ತಗೊಂಡ್ ಹೋಗ್ಬೇಕು” ಅಂದರು. ನಾನು ಕಣ್ಣು ಮುಚ್ಚಿ ಹೇಳಿದೆ: “ಎಣ್ಣೆ ಕಾಣದ ಬಾಗಿಲು ಕಿರುಗುಟ್ಟಿದ ಹಾಗೆ ಇರುತ್ತೆ. ಆದರೆ ನೀವು ಬರದೇ ಇದ್ದ ದಿನ, ಮನೆಯಲ್ಲಿ ಯಾರೂ ಬಾಗಿಲೇ ತೆಗೆದಿಲ್ಲವೇನೋ ಅನ್ನಿಸುತ್ತೆ.”

ಕಾರು ಗುರ್ ಎಂದು ಶುರುವಾಯಿತು. ಆದರೆ ನಾನು ಕ್ಲಚ್ ಬಿಡಲಿಲ್ಲ, ಆಕೆ ಅಳುತ್ತಾಳೇನೋ ಎಂದು ಭಯ. ಪುಟ್ಟತಾಯಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. “ಬಾಗ್ಲಂತೆ! ಕೇಳಿದ್ಯೇನ್ಲಾ ತಿಪ್ಪೇಸಿ, ನಾನ್ ಬಾಗ್ಲಂತೆ ಕಣ್ಲಾ!” ಎಂದು ಕಟ್ಟೆಯ ಮೇಲಿದ್ದ ಒಂದು ಮೊಳ ಮಲ್ಲಿಗೆ ತಂದು ಕಾರಿನ ಕನ್ನಡಿಗೆ ಸುತ್ತಿದಳು. ಅವತ್ತು ಆಕೆ ಸಂಜೆಯವರೆಗೂ ಹಾಡಿದಳಂತೆ. ಅದಕ್ಕಾಗಿ ತಿಪ್ಪೇಸ್ವಾಮಿ ನನ್ನ ಹತ್ತಿರ ವಾರಗಟ್ಟಲೆ ಮುನಿಸಿಕೊಂಡಿದ್ದ.

ಅಲ್ಲಿಂದ ಮುಂದೆ ಜನಕ್ಕೆ ಒಂದು ರುಚಿ ಹತ್ತಿತು. ಮರುಳಪ್ಪನ ಮಗಳಿಗೆ ‘ನಿಂಗೆ ಏನನ್ನಿಸ್ತದೆ’ ಎಂದು ಕೇಳಿದರೆ ಸಾಕು, ಇದ್ದದ್ದು ಇದ್ದ ಹಾಗೆ ಬರುತ್ತದೆ. ಒಬ್ಬರು ಹೊಸದಾಗಿ ಬಿಟ್ಟ ಮೀಸೆ ತೋರಿಸಿ ಕೇಳಿದರು. “ಅದು ನಿಮ್ಮದಲ್ಲ, ಯಾರದೋ ನೋಡಿಕೊಳ್ಳಿ ಅಂತ ಬಿಟ್ಟುಹೋದ ಹಾಗಿದೆ” ಅಂದೆ. ಮರುದಿನ ಮೀಸೆ ಇರಲಿಲ್ಲ. ಇನ್ನೊಬ್ಬರು ಮನೆಗೆ ಬಳಿಸಿದ ಬಣ್ಣದ ಬಗ್ಗೆ ಕೇಳಿದರು, ಮತ್ತೊಬ್ಬರು ಅತ್ತಿಗೆ ಮಾಡುವ ಚಕ್ಕುಲಿಯ ತುಂಡು ತಂದು ನನಗೆ ತಿನ್ನಿಸಿ ಕೇಳಿದರು. ತಿಪ್ಪೇಸ್ವಾಮಿ ಕೂಡ ಮುನಿಸು ಬಿಟ್ಟು ಬಂದು, “ನಾನ್ ಜಾಸ್ತಿ ಮಾತಾಡ್ತೀನಿ ಅಂತ ನಿಂಗನ್ನಿಸ್ತದಾ?” ಎಂದು ಕೇಳಿದ. ನಾನು ಹೌದು ಅನ್ನುವಷ್ಟರಲ್ಲಿ ಅವನು ತನ್ನ ಕಡೆಯ ವಾದವನ್ನೆಲ್ಲ ಹೇಳಿ ಮುಗಿಸಿ, ಉತ್ತರ ಕೇಳದೆಯೇ ಇಸ್ತ್ರಿಗೆ ಹೊರಟುಹೋದ. ಕಾರಿಗೂ ಅವನಿಗೂ ಕೇಳಿಸುವ ಹಾಗೆ “ಹೌದೂ!” ಎಂದು ನಾನು ಕಿಟಕಿಯಿಂದ ಕತ್ತು ಚಾಚಿ ಕೂಗಬೇಕಾಯಿತು. ಬೀದಿಯಲ್ಲಿ ನಾನು ಕೂಗಿದ್ದು ಅದೇ ಮೊದಲು. ಮನೆಗೆ ಬಂದು ಕನ್ನಡಿಯಲ್ಲಿ ಬಾಯಿ ನೋಡಿಕೊಂಡೆ. ಮೊದಲಿನ ಬಾಯಿಯೇ.

ಕ್ರಮೇಣ ಹೀಗಾಯಿತು: ಕಾರು ಎಲ್ಲಿ ನಿಲ್ಲಬಹುದೋ ಅಲ್ಲಿ ಜನ ಮೊದಲೇ ತೋಳು ಮಡಿಸಿಕೊಂಡು ಕಾಯತೊಡಗಿದರು. ‘ಇವತ್ತೇನವ್ವ, ಕೆಡೋದಿಲ್ವಾ?’ ಎಂದು ವಿಚಾರಿಸತೊಡಗಿದರು. ನಾನೂ ಉತ್ತರ ಹೇಳಿದ ಮೇಲೆ ಕ್ಲಚ್ ಬಿಡಲು ತಡಮಾಡತೊಡಗಿದೆ. ಕೆಟ್ಟು ನಿಂತ ಕಾರಿನ ಕಿಟಕಿಯ ಒಳಗೆ ಕೂತರೆ ನನಗೆ ಮಾತು ಬರುತ್ತಿತ್ತು. ಇಳಿದು ಮನೆಯೊಳಗೆ ಕಾಲಿಟ್ಟರೆ ಮತ್ತೆ ನೀರಿನ ಲೋಟ, ಅಡುಗೆಮನೆ. ಹಾಗೆ ಗುಟ್ಟೇ ಇಲ್ಲದ ನನ್ನ ಹತ್ತಿರ ಒಂದು ಗುಟ್ಟು ಹುಟ್ಟಿಕೊಂಡಿತು. ಈ ಕಾರು ಕೆಡುವುದು ನನಗೆ ಇಷ್ಟ. ಪಂಚೆ ಎತ್ತಿಕಟ್ಟಿ ಬೆವರು ಸುರಿಸಿಕೊಂಡು ತಳ್ಳುವ ತಂದೆಗೆ ಇದನ್ನು ಹೇಗೆ ಹೇಳುವುದು?

ಅಪ್ಪಾಜಿ ಯಾವತ್ತೂ ನನ್ನನ್ನು ಪ್ರಶ್ನೆ ಕೇಳಿರಲಿಲ್ಲ. ತಳ್ಳಿದವರಲ್ಲಿ ಯಾರು ಬೇಕಾದರೂ ಕೇಳಬಹುದು, ಅವರೇ ಎಲ್ಲರಿಗಿಂತ ಹೆಚ್ಚು ತಳ್ಳಿದವರು. ಆದರೆ ತಳ್ಳಿ ಆದ ಮೇಲೆ ಸುತ್ತಿ ಬಂದು ಪಕ್ಕದ ಸೀಟಿನಲ್ಲಿ ಕೂತು, “ನಡಿ, ನಡಿ” ಅನ್ನುವುದಷ್ಟೇ. ಮಗಳನ್ನು ಕೇಳಿ ತಿಳಿಯುವಂಥದ್ದು ಏನಿರುತ್ತದೆ ಎಂದುಕೊಂಡಿದ್ದರೋ ಏನೋ.

ಅವರು ನನ್ನನ್ನು ನೋಡುತ್ತಿದ್ದರು ಎನ್ನುವುದು ಮಾತ್ರ ನನಗೆ ತಡವಾಗಿ ಗೊತ್ತಾಯಿತು. ಬೀದಿಯಲ್ಲಿ ಜನರ ಮಧ್ಯೆ ನನ್ನ ಮುಖ ಕೆಂಪಾಗುತ್ತಿದ್ದುದನ್ನು ಅವರು ಹಿಂದಿನಿಂದ, ಕಾರಿನ ಕನ್ನಡಿಯಲ್ಲಿ ಕಂಡಿದ್ದರು. ಮನೆಗೆ ಬಂದ ಮೇಲೆ ಮಾತಿಲ್ಲದೆ ಡೈರಿ ಹಿಡಿದು ಕೂರುವುದನ್ನೂ ಕಂಡಿದ್ದರು. ಎರಡನ್ನೂ ಕೂಡಿಸಿ ತಮ್ಮದೇ ಲೆಕ್ಕ ಹಾಕಿದ್ದರು. ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ಗಂಟಲು ಸರಿಮಾಡಿಕೊಂಡು, “ನನ್ನ ಮಾನ ಉಳಿಸ್ಕೊಳ್ಳೋಕೆ ಮಗೂನ ಬೀದೀಲಿ ಕೂರಿಸ್ದೆ ಕಣೇ. ಪಾಪ, ಜನ ಪ್ರಶ್ನೆ ಕೇಳಿ ಕೇಳಿ ಅರೆದುಹಾಕಿದಾರೆ. ಸಾಕು. ಈ ಗಾಡಿ ಮಾರಿ ಹೊಸಾದು ತರ್ತೀನಿ, ಸೀಟಿನ ಪ್ಲಾಸ್ಟಿಕ್ಕೂ ಕಿತ್ತಿರಬಾರದು, ಅಂಥಾದ್ದು” ಎಂದು ಅಮ್ಮನಿಗೆ ಹೇಳಿದರು. ಅಮ್ಮ ಸಾರು ಬಡಿಸುತ್ತಾ, “ಈಗಲಾದ್ರೂ ಬುದ್ಧಿ ಬಂತಲ್ಲ” ಅಂದಳು.

ಈಗಲೇ ಹೇಳಬೇಕು. ಬೇಡ ಅಪ್ಪಾಜಿ ಅನ್ನಬೇಕು. ಬಾಯಿ ತೆರೆದೆ. ಇಬ್ಬರೂ ನನ್ನ ಕಡೆ ನೋಡಿದರು. “ಉಪ್ಪು” ಅಂದೆ. ಅಮ್ಮ ಉಪ್ಪು ಕೊಟ್ಟಳು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಬಾಯಿ ತೆರೆದೆ, ಮತ್ತೆ ಉಪ್ಪು ಬಂತು. ಆ ಮಧ್ಯಾಹ್ನ ನಾನು ತಿಂದಷ್ಟು ಉಪ್ಪನ್ನು ಉಪ್ಪಿನಕಾಯಿ ಕೂಡ ತಿಂದಿರಲಾರದು.

ಕೊಳ್ಳಲು ಮುಂದೆ ಬಂದವರು ಗಡಿಕಲ್ಲಿನ ಆಚೆ ಕೋಳಿ ಫಾರಂ ಇಟ್ಟುಕೊಂಡಿದ್ದ ಲೋಕಪ್ಪ. ಅವರಿಗೆ ಕಾರು ಓಡಬೇಕಾದ ಅಗತ್ಯವೇ ಇರಲಿಲ್ಲ, ಕೋಳಿ ಕಾವಿಗೆ ಕೂರಿಸಲು ಬೇಕಾಗಿತ್ತು. ಹಿಂದಿನ ಸೀಟು ಒತ್ತಿ ನೋಡಿ, “ಮೆತ್ತಗೈತೆ, ಒಳ್ಳೆ ಮೊಟ್ಟೆ ಜಾಗ” ಅಂದರು. ಆದರೂ ಕೊಡುವ ಮಾಲು ಹೊಳೆಯುತ್ತಿರಬೇಕು ಎಂಬುದು ಅಪ್ಪಾಜಿಯ ವ್ಯಾಪಾರದ ನೇಮ. ಕಾರನ್ನು ಬುಡೇನ್ ಸಾಬರ ಗ್ಯಾರೇಜಿಗೆ ಒಯ್ದು, “ಸಾಬ್ರೇ, ಇದನ್ನ ಪೂರ್ತಿ ಸರಿ ಮಾಡಿಕೊಡಿ” ಅಂದರು. ಬುಡೇನ್ ಸಾಬರು ಸ್ಪ್ಯಾನರು ಕೆಳಗಿಟ್ಟು ಎದೆ ಮೇಲೆ ಕೈಯಿಟ್ಟುಕೊಂಡರು. “ಮರುಳಪ್ಪನೋರೇ, ಪೂರ್ತಿ ಸರಿ ಮಾಡ್ಸಿದ್ರೆ ಜನ ಅನುಮಾನಪಡ್ತಾರೆ ಅಂತ, ಇಷ್ಟು ದಿನ ಬಂದೋರೆಲ್ಲ ಇವತ್ತೊಂದಿನ ಮನೆ ಮುಟ್ಟಿಸಿ ಅಂತಿದ್ರು. ಸರಿ ಮಾಡಿ ಅಂತ ಈ ಊರಲ್ಲಿ ಕೇಳಿದ್ದು ನೀವೇ ಮೊದ್ಲು!” ಅವರ ಕಣ್ಣಲ್ಲಿ ನೀರು. ನನ್ನ ಕಣ್ಣಲ್ಲೂ ನೀರು, ಕಾರಣ ಬೇರೆ. ಅವರು ಇಂಜಿನ್ನಿನ ಒಳಗಿನಿಂದ ಕಸ, ಕೆಸರು, ಒಂದು ಹಲ್ಲಿಯ ಬಾಲ, ಯಾವ ಕಾಲದ್ದೋ ಹೋಮಿಯೋಪತಿ ಗುಳಿಗೆಗಳು ಇವನ್ನೆಲ್ಲ ಹೊರತೆಗೆದು, ಮದುಮಗಳನ್ನು ಒಪ್ಪಿಸುವ ಹಾಗೆ ಕಾರು ಒಪ್ಪಿಸಿದರು. “ಇನ್ನು ನಿಲ್ಲಲ್ಲ. ನಿಂತ್ರೆ ನನ್ನ ಹೆಸರು ಬದ್ಲಾಯಿಸಿ.”

ಕೊಟ್ಟು ಬರಲು ಹೊರಟ ಬೆಳಿಗ್ಗೆ ನಾನು ಸ್ಟೇರಿಂಗ್ ಹಿಡಿದೆ, ಪಕ್ಕದಲ್ಲಿ ಅಪ್ಪಾಜಿ, ಹಿಂದೆ ಲೋಕಪ್ಪ. ಕೀ ತಿರುಗಿಸಿದ್ದೇ ಕಾರು ಬೆಕ್ಕಿನ ಹಾಗೆ ಗುರುಗುಟ್ಟಿತು. ಎಡಕ್ಕೆ ತಿರುಗಿದರೂ ಹಾರ್ನ್ ಆಗಲಿಲ್ಲ. “ಚಿನ್ನದಂಥಾ ಗಾಡಿ ಕಣ್ರೀ! ಇದ್ರಾಗೆ ಕೋಳಿ ಕೂಡ್ಸೋಕೂ ಮನ್ಸು ಬರಲ್ಲ” ಅಂದರು ಲೋಕಪ್ಪ. ನಾನು ಮನಸ್ಸಿನಲ್ಲೇ, ನಿಲ್ಲು, ಒಂದೇ ಒಂದು ಸಲ ನಿಲ್ಲು ಎಂದು ಬೇಡಿದೆ. ಮೂದೇವಿ ಎಂದೂ ಬೈದೆ. ಅದು ನಿಲ್ಲಲಿಲ್ಲ.

ಅರಳಿಕಟ್ಟೆ ಬಂತು. ತಿಪ್ಪೇಸ್ವಾಮಿ ಇಸ್ತ್ರಿಪೆಟ್ಟಿಗೆ ಪಕ್ಕಕ್ಕಿಟ್ಟು ತೋಳು ಮಡಿಸಿಕೊಂಡು ನಿಂತಿದ್ದ. ಪುಟ್ಟತಾಯಮ್ಮ ಹಾಡು ನಿಲ್ಲಿಸಿ, ಸೆರಗು ಸಿಕ್ಕಿಸಿಕೊಂಡು, ಕಟ್ಟೆಯಿಂದ ಅರ್ಧ ಎದ್ದಿದ್ದಳು. ಕಾರು ಅವರ ಮುಂದೆ ಹಾಲಿನ ಮೇಲೆ ಕೆನೆ ಸರಿದ ಹಾಗೆ ಸರಿದುಹೋಯಿತು. “ಹೋಗೇಬಿಟ್ಲಲ್ಲೋ!” ಎಂದಳು ಪುಟ್ಟತಾಯಮ್ಮ. ಕನ್ನಡಿಯಲ್ಲಿ ನೋಡಿದೆ. ಅರ್ಧ ಎದ್ದವಳು ಪೂರ್ತಿ ಎದ್ದೂ ಇಲ್ಲ, ಕೂತೂ ಇಲ್ಲ, ಹಾಗೇ ನಿಂತುಬಿಟ್ಟಿದ್ದಳು.

ಅಲ್ಲಿಂದ ಗಡಿಕಲ್ಲಿನವರೆಗೆ ನೇರ ರಸ್ತೆ. ಬಿಳಿಯ ಕಲ್ಲು ದೂರದಿಂದಲೇ ಕಾಣುತ್ತಿತ್ತು, ಹತ್ತಿರವಾಗುತ್ತಾ ಬಂತು. ಅದನ್ನು ದಾಟಿದರೆ ಮುಗಿಯಿತು, ಆಮೇಲೆ ಕೇಳುವವರಿಲ್ಲ, ಕೇಳಿದರೂ ಹೇಳಬೇಕಾಗಿಲ್ಲ. ನನ್ನ ಕೈ ಏನು ಮಾಡುತ್ತಿದೆ ಎಂದು ನನಗೆ ಗೊತ್ತಾಗುವ ಮೊದಲೇ ಅದು ಕೀ ಹಿಂದಕ್ಕೆ ತಿರುಗಿಸಿತ್ತು. ಕಾರು ಸದ್ದಿಲ್ಲದೆ ಉರುಳಿ, ಕಲ್ಲಿಗೆ ಒಂದು ಮಾರು ಈಚೆಗೆ ನಿಂತಿತು.

“ಕೆಟ್ಹೋಯ್ತಾ?” ಎಂದರು ಅಪ್ಪಾಜಿ. ಉತ್ತರಕ್ಕೂ ಕಾಯದೆ, ಅಭ್ಯಾಸಬಲದಿಂದ ಇಳಿದು, ಪಂಚೆ ಎತ್ತಿಕಟ್ಟಿ, ಹಿಂದೆ ಹೋಗಿ ಭುಜ ಕೊಟ್ಟರು. ಲೋಕಪ್ಪನೂ ಇಳಿಯಲು ನೋಡಿದರು. ಸಾಬರ ಕೈ ಬೀಳದೆ ಉಳಿದಿದ್ದ ಬಲಬಾಗಿಲಿಗೆ ಮೊಣಕಾಲಿನಲ್ಲಿ ಗುದ್ದಬೇಕೆಂದು ಗೊತ್ತಿಲ್ಲದೆ ಒಳಗೇ ಉಳಿದರು. ಅಷ್ಟರಲ್ಲಿ ನೇರ ರಸ್ತೆಯ ಆ ತುದಿಯಿಂದ ಕೂಗು ಕೇಳಿಸಿತು. “ನಿಂತ್ಲು! ನಿಂತ್ಲು ಕಣ್ರೋ!” ತಿಪ್ಪೇಸ್ವಾಮಿ ಓಡಿ ಬರುತ್ತಿದ್ದ, ಹಿಂದೆ ಹೂವಿನ ಬುಟ್ಟಿ ಸಮೇತ ಪುಟ್ಟತಾಯಮ್ಮ, ಅವರಿಬ್ಬರನ್ನೂ ಹಿಂದೆ ಹಾಕಿ ಸೈಕಲ್ಲಿನ ಮೇಲೆ ಬುಡೇನ್ ಸಾಬರು. “ನಿಲ್ಲೋದಾ? ನಾನು ಮಾಡಿದ ಗಾಡಿ ನಿಲ್ಲೋದಾ? ಸಾಧ್ಯವೇ ಇಲ್ಲ!” ಎಂದು ಅವರು ಸೈಕಲ್ ಇಳಿಯುವ ಮೊದಲೇ ಜಗಳ ಶುರುಮಾಡಿದ್ದರು.

ಎಲ್ಲರೂ ಸೇರಿ ತಳ್ಳಿದರು. ಕಾರು ಎರಡು ಅಡಿ ಹೋಯಿತು, ನಾನು ಬ್ರೇಕ್ ಒತ್ತಿಹಿಡಿದೆ. “ಕೇಳ್ಬೇಕು, ಕೇಳ್ಬೇಕು. ಸರಿ, ನಾನ್ ಕೇಳ್ತೀನಿ” ಅಂದ ತಿಪ್ಪೇಸ್ವಾಮಿ. “ನಿಂದು ಆಗ್ಲೇ ಆಗೈತೆ, ಈಗ ನನ್ ಪಾಳಿ” ಅಂದಳು ಪುಟ್ಟತಾಯಮ್ಮ. “ನನ್ನ ಹೆಸರಿನ ಪ್ರಶ್ನೆ ಇದು, ನಾನು ಕೇಳಬೇಕು” ಎಂದರು ಬುಡೇನ್ ಸಾಬರು. ಲೋಕಪ್ಪ ಒಳಗಿನಿಂದ ಗಾಜು ಬಡಿಯುತ್ತಾ, “ಏನ್ರೀ ಇದು, ಗಾಡಿ ತಳ್ತೀರೋ ಪರೀಕ್ಷೆ ನಡೆಸ್ತೀರೋ?” ಎಂದರು.

“ತಡೀರಪ್ಪ” ಅಂದರು ಅಪ್ಪಾಜಿ. ಟವೆಲ್ಲಿನಿಂದ ಮುಖ ಒರೆಸಿಕೊಂಡರು. “ಇವತ್ತು ನಾನು ಕೇಳ್ತೀನಿ. ಇದು ಕೊನೇ ಸಲ, ಅಲ್ವಾ.”

ಎಲ್ಲರೂ ಒಂದು ಹೆಜ್ಜೆ ಹಿಂದೆ ಸರಿದರು. ಇಷ್ಟು ದಿನದಲ್ಲಿ ಅವರು ಒಂದು ಸಲವೂ ಕೇಳಿರಲಿಲ್ಲ ಎಂಬುದು ಆಗಲೇ ಎಲ್ಲರಿಗೂ ನೆನಪಾದದ್ದು. ಅವರು ಸುತ್ತಿ ಬಂದು ನನ್ನ ಕಿಟಕಿಯ ಹತ್ತಿರ ನಿಂತರು. ಈ ಕಡೆಯಿಂದ ಅವರ ಮುಖವನ್ನು ನಾನು ನೋಡಿದ್ದೇ ಇಲ್ಲ. ಹಂಡೆಯ ಬೆಲೆ ಬಿಟ್ಟು ಬೇರೇನನ್ನೂ ಯಾರ ಹತ್ತಿರವೂ ಕೇಳಿ ಗೊತ್ತಿಲ್ಲದ ಮನುಷ್ಯ, ತುಟಿ ಒದ್ದೆ ಮಾಡಿಕೊಂಡು, “ನೀಲವ್ವ... ತಿಂಡಿ ಆಯ್ತಾ?” ಅಂದರು.

“ಅಯ್ಯೋ ನನ್ನಪ್ಪನೇ!” ಎಂದು ಪುಟ್ಟತಾಯಮ್ಮ ಹಣೆ ಚಚ್ಚಿಕೊಂಡಳು. “ಒಂದೇ ಪಾತ್ರೇಲಿ ಬಡಿಸ್ಕೊಂಡು ತಿಂದು ಬಂದಿದೀರಿ! ಮಗಳು ಕಣ್ರೀ ಅದು, ಗಿರಾಕಿ ಅಲ್ಲ. ಸರ್ಯಾಗಿ ಕೇಳಿ!”

ಅಪ್ಪಾಜಿ ಕಿಟಕಿಯ ಅಂಚು ಹಿಡಿದುಕೊಂಡರು. ಬೆರಳಿನಲ್ಲಿ ಪಾತ್ರೆ ಉಜ್ಜಿದ ಹುಣಸೆಹುಳಿಯ ಕಪ್ಪು ಇನ್ನೂ ಇತ್ತು. ಈ ಸಲ ಬೇರೆ ಯಾರಿಗೂ ಕೇಳಿಸದಷ್ಟು ಸಣ್ಣ ದನಿಯಲ್ಲಿ, “ಈ ಗಾಡಿ ಹೋದ್ರೆ ನಿಂಗೆ ನೆಮ್ಮದಿ ಆಗ್ತದಾ ಅವ್ವ?” ಎಂದು ಕೇಳಿದರು.

ಹೂಂ ಅಂದರೆ ಮುಗಿಯುತ್ತಿತ್ತು. ಕಾರು ಕೆಟ್ಟಿರಲಿಲ್ಲ. ಸುಳ್ಳು ಹೇಳಿ ಕೀ ತಿರುಗಿಸಿದರೂ ಬೆಕ್ಕಿನ ಹಾಗೆ ಗುರುಗುಟ್ಟಿ ಹೊರಡುತ್ತಿತ್ತು. ನಮ್ಮೂರಿನ ಗಡಿಯೊಳಗೆ, ಸ್ಟೇರಿಂಗ್ ಹಿಡಿದು ಕೂತು, ಬಾಯಿಗೆ ಬಂದದ್ದು ಹೇಳಬಹುದಾಗಿದ್ದವಳು ಆ ಹೊತ್ತಿನಲ್ಲಿ ನಾನೊಬ್ಬಳೇ. ಅಂಗೈ ಬೆವತಿತ್ತು. ನಾನು ಕೀಯನ್ನು ಕಿತ್ತು ಅಪ್ಪಾಜಿಯ ಕೈಗೆ ಕೊಟ್ಟೆ. ಬುಡೇನ್ ಸಾಬರಿಗೂ ಕೇಳಲಿ, ಒಳಗಿದ್ದ ಲೋಕಪ್ಪನಿಗೂ ಕೇಳಲಿ ಎಂದು ಕತ್ತು ಹೊರಗೆ ಚಾಚಿ, ಇದ್ದಷ್ಟೂ ದನಿ ಎತ್ತಿ ಹೇಳಿದೆ:

“ಇಲ್ಲ ಅಪ್ಪಾಜಿ. ಇವತ್ತು ಗಾಡಿ ಕೆಟ್ಟಿಲ್ಲ, ನಾನೇ ನಿಲ್ಲಿಸಿದ್ದು. ಇದು ಕೆಟ್ಟು ನಿಂತರೇ ನನಗೆ ಖುಷಿ.”